ಕೈಗೆ ಉತ್ತರ ಕೊಡಬೇಕಾದ ಸ್ಟಿಕ್

ಸ್ವೀಡನ್ನಿನ ಉತ್ತರದಲ್ಲಿ, ಚಳಿಗಾಲ ಬಂತೆಂದರೆ ಸಮುದ್ರವೇ ಹೆಪ್ಪುಗಟ್ಟುವ ಕಡೆ ಲುಲೆಯೊ ಎಂಬ ಊರಿದೆ. ಅದರ ಪಕ್ಕದ ಕಲ್ಲಾಕ್ಸ್‌ನಲ್ಲಿರುವ ವಾಯುಪಡೆಯ ಎಫ್ 21 ನೆಲೆ 1941ರಷ್ಟು ಹಳೆಯದು. ಈಗ ಅಲ್ಲಿರುವುದು ಗ್ರಿಪೆನ್ ಯುದ್ಧವಿಮಾನಗಳು. ತನ್ನ ತೂಕವೂ ಸೇರಿ ಹದಿನಾಲ್ಕು ಟನ್ ಭಾರದೊಂದಿಗೆ ಏರಬಲ್ಲ, ಶಬ್ದದ ಎರಡರಷ್ಟು ವೇಗ ಮುಟ್ಟಬಲ್ಲ ಈ ವಿಮಾನ ತಿರುಗುವುದು, ಪಲ್ಟಿ ಹೊಡೆಯುವುದು ಎಲ್ಲ ಪೈಲಟ್‌ನ ಮೊಣಕಾಲುಗಳ ನಡುವಿನ ಒಂದು ಗಿಡ್ಡ ಸ್ಟಿಕ್ಕಿನ ಮಾತು ಕೇಳಿ. ಹಳೆಯ ವಿಮಾನಗಳಲ್ಲಿದ್ದಂತೆ ತೋಳಿನ ಬಲವೆಲ್ಲ ಹಾಕಿ ಎಳೆಯಬೇಕಾಗಿಲ್ಲ, ಮಣಿಕಟ್ಟು ತುಸು ವಾಲಿಸಿದರೆ ಸಾಕು. ಇಷ್ಟು ಸಲೀಸಾಗಿದ್ದರೆ ಒಳ್ಳೆಯದೇ ಅಲ್ಲವೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಸ್ಟಿಕ್ಕಿಗೆ ಇರುವುದು ಎರಡು ಕೆಲಸ. ಕೈಯ ಮಾತನ್ನು ಅದು ವಿಮಾನಕ್ಕೆ ಮುಟ್ಟಿಸಬೇಕು, ವಿಮಾನದ ಮಾತನ್ನು ಕೈಗೂ ಮುಟ್ಟಿಸಬೇಕು. ಮೊದಲನೆಯದನ್ನು ಹಗುರ ಮಾಡುವ ಭರದಲ್ಲಿ ಎಂಜಿನಿಯರುಗಳು ಎರಡನೆಯದನ್ನು ಕೈಬಿಟ್ಟರು, ಅದಕ್ಕೆ ದುಬಾರಿ ಬೆಲೆಯನ್ನೂ ತೆತ್ತರು ಎಂಬುದು ನನ್ನ ವಾದ.

ಎತ್ತಿನ ಗಾಡಿ ಹೊಡೆಯುವವನ ಕೈಯಲ್ಲಿರುವ ಹಗ್ಗವನ್ನೇ ನೋಡಿ. ಎತ್ತನ್ನು ತಿರುಗಿಸುವ ಹಗ್ಗವೇ ಎತ್ತು ಬೆದರಿತೋ ದಣಿಯಿತೋ ಎಂಬುದನ್ನೂ ಅವನಿಗೆ ತಿಳಿಸುತ್ತದೆ. ಮೊದಮೊದಲ ವಿಮಾನಗಳೂ ಹಾಗೇ ಇದ್ದವು. 1903ರಲ್ಲಿ ರೈಟ್ ಸೋದರರು ಹೊಟ್ಟೆಯಡಿಯಾಗಿ ಮಲಗಿ, ಸೊಂಟ ಅತ್ತಿತ್ತ ಸರಿಸಿ ರೆಕ್ಕೆ ತಿರುಚುತ್ತಿದ್ದರು, ಕೈಯ ಸನ್ನೆಗೋಲಿನಿಂದ ಮೂತಿ ಏರಿಸಿ ಇಳಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಫ್ರಾನ್ಸಿನವರು ಎರಡನ್ನೂ ಒಂದೇ ಕೋಲಿಗೆ ಕಟ್ಟಿದರು. ಆ ಕೋಲಿನಿಂದ ರೆಕ್ಕೆ, ಬಾಲಗಳ ಅಲುಗುವ ಫಲಕಗಳವರೆಗೆ ತಂತಿ ಹಗ್ಗ ಹೋಗುತ್ತಿತ್ತು. ಫಲಕದ ಮೇಲೆ ಗಾಳಿ ಒತ್ತಿದರೆ ಕೋಲು ಕೈಯನ್ನು ಒತ್ತುತ್ತಿತ್ತು. ವೇಗ ಏರಿದಂತೆ ಅದು ಬಿಗಿಯಾಗುತ್ತಿತ್ತು, ವೇಗ ಕುಸಿದರೆ ಸಡಿಲವಾಗುತ್ತಿತ್ತು. ಮುಂದೆ ಫಲಕಗಳನ್ನು ದ್ರವದ ಬಲದಿಂದ ಅಲುಗಿಸುವ ಹೈಡ್ರಾಲಿಕ್ಸ್ ಬಂದು ಗಾಳಿಯ ಆ ಒತ್ತಡವನ್ನು ತಾನೇ ನುಂಗಿದಾಗ ಸ್ಪ್ರಿಂಗ್ ಕಟ್ಟಿ ಸುಳ್ಳು ಬಿಗಿ ತರಿಸಬೇಕಾಯಿತು. ಕೊನೆಗೆ ಕಂಪ್ಯೂಟರ್ ಬಂತು. ಸ್ಟಿಕ್ಕಿನಿಂದ ಹೊರಡುವುದು ಬರೀ ವಿದ್ಯುತ್ ಸಂಕೇತವಾಯಿತು.

ಇದರ ಪರಿಣಾಮ ಬಹುಬೇಗ ಕಂಡಿತು. ಅಮೆರಿಕದ ಎಫ್-16ರ ಮೊದಲ ಮಾದರಿಯ ಸ್ಟಿಕ್ ಅಲುಗುತ್ತಲೇ ಇರಲಿಲ್ಲ, ಕೈ ಎಷ್ಟು ಒತ್ತಿತು ಎಂಬುದನ್ನಷ್ಟೇ ಅಳೆಯುತ್ತಿತ್ತು. 1974ರ ಜನವರಿ 20ರಂದು ರನ್‌ವೇ ಮೇಲೆ ಬರೀ ಓಡಿಸಿ ನೋಡುವ ಪರೀಕ್ಷೆಯಿತ್ತು. ವಿಮಾನ ಎಡಬಲಕ್ಕೆ ಎಷ್ಟು ಹೊಯ್ದಾಡಿತೆಂದರೆ, ನೆಲದಲ್ಲಿ ಉಳಿಯುವುದಕ್ಕಿಂತ ಹಾರುವುದೇ ಮೇಲೆಂದು ಪೈಲಟ್ ಗಾಳಿಗೇರಿಸಿದ. ಆಮೇಲೆ ಆ ಸ್ಟಿಕ್ಕಿಗೆ ಕೆಲವು ಮಿಲಿಮೀಟರಿನಷ್ಟು ಅಲುಗಾಟ ಕೊಟ್ಟರು. ಗ್ರಿಪೆನ್ನಿನ ಕಥೆ ಇನ್ನೂ ಕಟು. 1989ರ ಫೆಬ್ರುವರಿ 2ರಂದು ಮೊದಲ ಮಾದರಿ ಲಿನ್‌ಶೋಪಿಂಗ್‌ನಲ್ಲಿ ಇಳಿಯುವಾಗ ಓಲಾಡಿ ಉರುಳಿತು. 1993ರ ಆಗಸ್ಟ್ 8ರಂದು ಸ್ಟಾಕ್‌ಹೋಮ್‌ನ ಜಲೋತ್ಸವದಲ್ಲಿ, ಸಾವಿರಾರು ಜನರ ಕಣ್ಣೆದುರು, ಇನ್ನೊಂದು ಗ್ರಿಪೆನ್ ಹತೋಟಿ ತಪ್ಪಿ ಬಿತ್ತು. ಎರಡು ಸಲವೂ ಪೈಲಟ್ ಲಾರ್ಸ್ ರಾಡೆಸ್ಟ್ರೋಮ್ ಅವರೇ, ಎರಡು ಸಲವೂ ಬದುಕಿದರು. ನೆರೆದ ಜನರಲ್ಲೂ ಯಾರೂ ಸಾಯಲಿಲ್ಲ. ಸ್ಟಾಕ್‌ಹೋಮ್‌ನಲ್ಲಿ ಆದದ್ದಿಷ್ಟು: ಪೈಲಟ್ ಸ್ಟಿಕ್ಕನ್ನು ಜೋರಾಗಿ, ಬೇಗಬೇಗ ಆಡಿಸಿದರು, ಫಲಕಗಳು ತಮ್ಮ ಗರಿಷ್ಠ ವೇಗ ಮುಟ್ಟಿ ಕೈಗಿಂತ ಹಿಂದೆ ಬಿದ್ದವು. ಮಹಡಿಯ ಸೋಲಾರ್‌ನಿಂದ ಬಿಸಿನೀರು ಇಳಿಯಲು ತಡವಾಗುತ್ತದೆಂದು ನಲ್ಲಿ ಇನ್ನಷ್ಟು ತಿರುಗಿಸಿ, ಮೈ ಸುಟ್ಟಾಗ ಗಾಬರಿಯಿಂದ ಪೂರಾ ಮುಚ್ಚಿ, ತಣ್ಣೀರು ಬಿದ್ದಾಗ ಮತ್ತೆ ತೆರೆದಂತೆ, ಪ್ರತಿ ತಿದ್ದುಪಡಿಯೂ ತಡವಾಗಿ ತಲುಪಿ ಓಲಾಟವನ್ನು ಹೆಚ್ಚಿಸಿತು. ‘ಸಾಕು, ಇನ್ನು ನನ್ನಿಂದಾಗದು’ ಎಂದು ಫಲಕಗಳು ಹೇಳಿದ್ದು ಆ ಹಗುರ ಸ್ಟಿಕ್ಕಿನ ಮೂಲಕ ಕೈಗೆ ತಿಳಿಯುವಂತಿರಲಿಲ್ಲ.

ಇಲ್ಲೊಂದು ಗಟ್ಟಿ ಆಕ್ಷೇಪಣೆ ಏಳುತ್ತದೆ. ಗ್ರಿಪೆನ್ನನ್ನು ತಯಾರಿಸುವ ಸಾಬ್ ಕಂಪನಿ ಅದನ್ನು ಸರಿಪಡಿಸಿದ್ದು ಮುಖ್ಯವಾಗಿ ಸಾಫ್ಟ್‌ವೇರಿನಲ್ಲಿ. ಹಾಗಿದ್ದ ಮೇಲೆ ಸ್ಟಿಕ್ಕನ್ನೇಕೆ ದೂರಬೇಕು? ಆ ಸಾಫ್ಟ್‌ವೇರ್ ಮಾಡಿದ್ದೇನೆಂದು ನೋಡಿದರೆ ಉತ್ತರ ಸಿಗುತ್ತದೆ. ಫಲಕಗಳು ಮಿತಿ ಮುಟ್ಟಿದಾಗಲೂ ಕೈ ದಿಕ್ಕು ಬದಲಿಸಿದೊಡನೆ ಅವೂ ಬದಲಿಸುವಂತೆ ಅದು ಮಾಡಿತು. ಎಂದರೆ ಕೈಗೆ ಬರಬೇಕಾದ ಉತ್ತರದ ತಡವನ್ನು ಇಳಿಸಿತು. ಹಾಗಾದರೆ ಹಳೆಯ ತಂತಿ ಹಗ್ಗಕ್ಕೇ ಮರಳೋಣವೇ? ಸಾಧ್ಯವಿಲ್ಲ. ಚುರುಕಾಗಿ ತಿರುಗಲೆಂದೇ ಗ್ರಿಪೆನ್ನನ್ನು ಅಸ್ಥಿರವಾಗಿ ಕಟ್ಟಿದ್ದಾರೆ. ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದದಿದ್ದರೆ ಯಾವ ಪೈಲಟ್‌ನ ಕೈಯೂ ಅದನ್ನು ನಿಲ್ಲಿಸಲಾರದು. ನಮ್ಮ ತೇಜಸ್ ಯುದ್ಧವಿಮಾನ ಕೂಡ ಅಂಥದ್ದೇ. ಅದರ ಹಾರಾಟ ನಿಯಂತ್ರಣದ ಸೂತ್ರಗಳನ್ನು ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮುಂದಾಳತ್ವದ ತಂಡ ರೂಪಿಸಿತು. 1996ರಲ್ಲಿ ಅಮೆರಿಕದ ವಿಶೇಷ ಎಫ್-16 ಒಂದರಲ್ಲಿ, ಅದು ತೇಜಸ್‌ನಂತೆ ವರ್ತಿಸುವ ಹಾಗೆ ಮಾಡಿ, ಪೈಲಟ್‌ಗಳ ಕೈಯಲ್ಲೇ ಆ ಸೂತ್ರಗಳನ್ನು ಪರೀಕ್ಷಿಸಿದರು. ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು. ಗ್ರಿಪೆನ್ನಿನ ಆ ಎರಡು ಪತನಗಳು ಅಷ್ಟರಲ್ಲಾಗಲೇ ಲೋಕಕ್ಕೆಲ್ಲ ಪಾಠವಾಗಿದ್ದವು.

ಮನುಷ್ಯನನ್ನೇ ವಿಮಾನದಿಂದ ಇಳಿಸಿಬಿಟ್ಟರೆ ಈ ತಕರಾರೇ ಇರುವುದಿಲ್ಲ ಎನ್ನುವವರೂ ಇದ್ದಾರೆ. ಆದರೆ ಉಪಗ್ರಹದ ಮೂಲಕ ದೂರದಿಂದ ಹಾರಿಸುವ ದೊಡ್ಡ ಡ್ರೋನ್‌ಗಳಲ್ಲಿ ತಡ ಇನ್ನೂ ಹೆಚ್ಚು. ಆದ್ದರಿಂದಲೇ ಅವನ್ನು ಏರಿಸಿ ಇಳಿಸಲು ರನ್‌ವೇ ಹತ್ತಿರವೇ ಬೇರೆ ತಂಡವನ್ನು ಕೂರಿಸುತ್ತಿದ್ದರು. ಪ್ರಯಾಣಿಕರ ವಿಮಾನದಲ್ಲಂತೂ ಸ್ಟಿಕ್ ಮೌನವಾಗಿದ್ದರೆ ಪಕ್ಕದಲ್ಲಿ ಕೂತವನಿಗೂ ಏನೂ ತಿಳಿಯದು. 2009ರ ಜೂನ್ 1ರಂದು ಏರ್ ಫ್ರಾನ್ಸ್‌ನ ಏರ್‌ಬಸ್ 330 ಅಟ್ಲಾಂಟಿಕ್‌ಗೆ ಬಿದ್ದು 228 ಜನ ಸತ್ತರು. ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿದ್ದರಿಂದ ಅನಾಹುತ ಶುರುವಾಯಿತು ನಿಜ. ಆದರೆ ಒಬ್ಬ ಪೈಲಟ್ ತನ್ನ ಸ್ಟಿಕ್ಕನ್ನು ಹಿಂದಕ್ಕೆ ಎಳೆದೇ ಹಿಡಿದಿದ್ದಾಗ ಇನ್ನೊಬ್ಬನ ಸ್ಟಿಕ್ ಕದಲದೆ ನಿಂತಿತ್ತು, ಏಕೆಂದರೆ ಎರಡಕ್ಕೂ ನಂಟೇ ಇರಲಿಲ್ಲ. 2018ರಲ್ಲಿ ಅಮೆರಿಕದ ಅನುಮತಿ ಪಡೆದ ಗಲ್ಫ್‌ಸ್ಟ್ರೀಮ್ ಜಿ500 ವಿಮಾನದ ಸ್ಟಿಕ್ಕುಗಳ ಬುಡದಲ್ಲಿ ಮೋಟಾರುಗಳಿವೆ. ಅಲ್ಲಿ ಒಬ್ಬರು ಎಳೆದರೆ ಇನ್ನೊಬ್ಬರ ಕೈಯಲ್ಲಿರುವುದೂ ಅಷ್ಟೇ ವಾಲುತ್ತದೆ.