ಏರುದಾರಿಯಲ್ಲಿ ನಿಂತ ಜೀಪು



ಮೋಟಾರು ಗಾಡಿಯು ಪೇಟೆಯ ಬೀದಿಯಲ್ಲಿ ಕೆಟ್ಟು ನಿಂತರೆ ಅಷ್ಟೇನೂ ಚಿಂತೆಯಿಲ್ಲ. ನಾಲ್ವರು ಸೇರಿ ನೂಕುವರು. ಕೂಗಳತೆಯಲ್ಲಿ ರಿಪೇರಿಯ ಅಂಗಡಿ ಇರುವುದು. ಜೀಪಿನ ಸಂಗತಿ ಬೇರೆ. ಇತರ ಗಾಡಿಗಳು ಹೋಗಲಾರದ ಕಡೆಗೆ ಹೋಗಲೆಂದೇ ಹುಟ್ಟಿದ ವಾಹನವಾದುದರಿಂದ, ಅದು ಕೆಡುವುದೂ ಇತರರು ಬಂದು ನೆರವಾಗಲಾರದ ಸ್ಥಳದಲ್ಲಿಯೇ.

ಎರಡನೆಯ ಮಹಾಯುದ್ಧದ ಅವಸರದಲ್ಲಿ, 1941ರಿಂದ 1945ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ನಾಲ್ಕು ಸಿಲಿಂಡರುಗಳು, ಸುಮಾರು 60 ಕುದುರೆಗಳ ಬಲ, 6 ವೋಲ್ಟಿನ ಬ್ಯಾಟರಿ. ಇಷ್ಟೇ ಅದರ ಸಂಪತ್ತು. ಯುದ್ಧಾನಂತರ ಮಹೀಂದ್ರ ಸಂಸ್ಥೆಯವರು ಅದೇ ವಂಶದ ಗಾಡಿಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿದರು. ಮಲೆನಾಡಿನ ಕಾಫಿ ತೋಟಗಳಲ್ಲಿ ಆ ವಂಶದ ಮುದಿ ಜೀಪುಗಳು ಇನ್ನೂ ಅಲ್ಲಲ್ಲಿ ಓಡಾಡುತ್ತಿವೆ. ಇಂದಿನ ಹೊಸ ಗಾಡಿಗಳಲ್ಲಿ ಪೆಟ್ರೋಲಿನ ಹಂಚಿಕೆಯನ್ನೂ ಕಿಡಿಯ ಕಾಲವನ್ನೂ ಗಣಕಯಂತ್ರವೇ ನೋಡಿಕೊಳ್ಳುವುದು. ನಾನು ಹೇಳಹೊರಟಿರುವುದು ಕಾರ್ಬುರೇಟರುಳ್ಳ ಹಳೆಯ ಪೆಟ್ರೋಲು ಜೀಪಿನ ವಿಷಯ.

ಮೂಡಿಗೆರೆಯ ಕಡೆ ನನ್ನ ಮಿತ್ರರೊಬ್ಬರ ತೋಟವಿದೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಹಳ್ಳವನ್ನು ದಾಟಿ ಮನೆಯ ಕಡೆಗೆ ಏರುವ ದಾರಿಯಲ್ಲಿ ಅವರ ಜೀಪು ಇದ್ದಕ್ಕಿದ್ದಂತೆ ನಿಂತುಹೋಯಿತು. ಮುಕ್ಕಾಲು ಗಂಟೆ ಕಾದು ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಪೇಟೆಯ ಮೆಕ್ಯಾನಿಕ್ಕನು ನೋಡಿ, ಬೇಸಗೆಯಲ್ಲಿ ಇದು ಸಹಜ, ಪೆಟ್ರೋಲು ಪೈಪಿನಲ್ಲಿ ‘ಏರ್ ಲಾಕ್’ ಆಗಿರಬೇಕೆಂದು ಹೇಳಿ ಪಂಪಿನ ಪೊರೆಯನ್ನು ಬದಲಾಯಿಸಿದನು. ಎರಡು ವಾರಗಳ ಅನಂತರ ಅದೇ ಏರಿನಲ್ಲಿ ಅದೇ ಕಥೆ. ಈ ಸಲ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರು; ಅರ್ಧ ಗಂಟೆಯಲ್ಲಿ ಜೀಪು ಹೊರಟಿತು; ಕೀರ್ತಿಯೆಲ್ಲ ಬಟ್ಟೆಗೆ ಬಂದಿತು.

ಮೆಕ್ಯಾನಿಕ್ಕನ ಊಹೆ ಹುರುಳಿಲ್ಲದುದೇನೂ ಅಲ್ಲ. ಪೆಟ್ರೋಲು ನೀರಿನಂತೆ ಒಂದೇ ಉಷ್ಣತೆಯಲ್ಲಿ ಕುದಿಯುವ ದ್ರವವಲ್ಲ. ಹಲವು ದ್ರವಗಳ ಮಿಶ್ರಣ. ಅದರಲ್ಲಿನ ಹಗುರವಾದ ಭಾಗಗಳು 40 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿಯೇ ಆವಿಯಾಗತೊಡಗುವುವು. ಜೀಪಿನಲ್ಲಿ ಪೆಟ್ರೋಲು ತೊಟ್ಟಿಯು ಚಾಲಕನ ಪೀಠದ ಕೆಳಗೆ. ಪಂಪು ಎಂಜಿನ್ನಿನ ಬಿಸಿ ಮೈಗೆ ಅಂಟಿಕೊಂಡು ಇದೆ. ಪಂಪು ಹೀರುವಾಗ ಕೊಳವೆಯೊಳಗಣ ಒತ್ತಡ ಇಳಿಯುವುದು. ಒತ್ತಡ ಇಳಿದಂತೆ ಕುದಿಯುವ ಉಷ್ಣತೆಯೂ ಇಳಿಯುವುದು. ಸಾಲದುದಕ್ಕೆ, 1000 ಮೀಟರು ಎತ್ತರದ ಬೆಟ್ಟದ ಮೇಲೆ ವಾಯುಭಾರವೇ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಕೆಳಗೇರಿನಲ್ಲಿ ಏರುವಾಗ ಎಂಜಿನ್ನು ಭರದಿಂದ ತಿರುಗುವುದು, ಗಾಡಿ ನಡೆಯುವುದು ಮಾತ್ರ ಆಮೆಯ ನಡಗೆ. ಎದುರುಗಾಳಿಯ ತಂಪು ದೊರೆಯದು. ಇಷ್ಟೆಲ್ಲ ಕೂಡಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಕಟ್ಟುವುದು. ದ್ರವವನ್ನು ತಳ್ಳಬೇಕಾದ ಪಂಪು ಆ ಗುಳ್ಳೆಯನ್ನೇ ಹಿಗ್ಗಿಸಿ ಕುಗ್ಗಿಸುತ್ತ ಕೂರುವುದು. ಕಾರ್ಬುರೇಟರಿಗೆ ಒಂದು ಹನಿಯೂ ಮುಟ್ಟದು. ಅಂಗಡಿಗಳಲ್ಲಿ ಇದಕ್ಕೆ ‘ಏರ್ ಲಾಕ್’ ಎಂಬ ಹೆಸರು ಬಂದಿದೆಯಾದರೂ ಅಲ್ಲಿ ಸೇರಿಕೊಂಡಿರುವುದು ಗಾಳಿಯಲ್ಲ, ಪೆಟ್ರೋಲಿನ ಆವಿಯೇ. ಎಥನಾಲ್ ಬೆರೆಸಿದ ಪೆಟ್ರೋಲು (2025ರಲ್ಲಿ ಈ ಬೆರಕೆ ನಮ್ಮ ದೇಶದಲ್ಲಿ ನೂರಕ್ಕೆ 20ರಷ್ಟಾಯಿತು) ಹಳೆಯ ಕಾಲದ ರಬ್ಬರು ಪೊರೆಗಳನ್ನು ಮೆತ್ತಗಾಗಿಸುವುದುಂಟು. ಆದುದರಿಂದ ಪೊರೆಯನ್ನು ಬದಲಾಯಿಸಿದುದು ವ್ಯರ್ಥವೆಂದೂ ಹೇಳಲಾರೆ.

ತೊಡಕು ಇರುವುದು ಇನ್ನೊಂದು ಕಡೆ. ಬಿಸಿಯೇರಿದಾಗ ನಿಂತು, ಆರಿದ ಮೇಲೆ ತಾನಾಗಿ ಹೊರಡುವ ರೋಗ ಇದೊಂದೇ ಅಲ್ಲ. ಬ್ಯಾಟರಿಯ ಅಲ್ಪ ವಿದ್ಯುತ್ತನ್ನು ಸಾವಿರಾರು ವೋಲ್ಟಿಗೆ ಏರಿಸುವ ಕಾಯಿಲಿನೊಳಗೆ ಕೂದಲಿನಷ್ಟು ಸಣ್ಣ ತಂತಿಯ ಸಾವಿರಾರು ಸುತ್ತುಗಳಿರುವುವು. ವಯಸ್ಸಾದ ಕಾಯಿಲಿನಲ್ಲಿ ಬಿಸಿಗೆ ತಂತಿ ಹಿಗ್ಗಿ ಎಲ್ಲಿಯೋ ಬಿರುಕು ಬಿಡುವುದು, ಇಲ್ಲವೆ ಹೊದಿಕೆ ಸೋತು ವಿದ್ಯುತ್ತು ಒಳಗೇ ಸೋರಿಹೋಗುವುದು. ತಣ್ಣಗಾದರೆ ಬಿರುಕು ಮತ್ತೆ ಕೂಡಿಕೊಳ್ಳುವುದು. ಕಂಡೆನ್ಸರಿನ ಸ್ವಭಾವವೂ ಹಾಗೆಯೇ. ತೊಟ್ಟಿಯ ಮುಚ್ಚಳದಲ್ಲಿರುವ ಗಾಳಿಯ ರಂಧ್ರವು ಕೆಸರಿನಿಂದ ಮುಚ್ಚಿಹೋದರೂ ಫಲ ಒಂದೇ: ಪೆಟ್ರೋಲು ಖಾಲಿಯಾದಷ್ಟಕ್ಕೂ ಒಳಗೆ ಗಾಳಿ ಬಾರದೆ ಪಂಪಿನ ಹೀರಿಕೆ ಸೋಲುವುದು, ನಿಲ್ಲಿಸಿದ ಮೇಲೆ ಗಾಳಿ ಮೆಲ್ಲಮೆಲ್ಲನೆ ಒಳನುಸುಳಿ ಗಾಡಿ ಮತ್ತೆ ಹೊರಡುವುದು. ಹೀಗೆ ನಾಲ್ಕು ರೋಗಗಳಿಗೂ ಕಾಯುವುದೊಂದೇ ಮದ್ದಾಗಿ ತೋರುವುದು. ಕಾಯ್ದಷ್ಟೂ ರೋಗದ ಗುರುತು ಅಳಿಸಿಹೋಗುವುದು. ಅಂಗಡಿಯನ್ನು ಮುಟ್ಟುವ ಹೊತ್ತಿಗೆ ಜೀಪು ಆರೋಗ್ಯವಾಗಿರುವುದು. ಮೆಕ್ಯಾನಿಕ್ಕನು ಊಹಿಸದೆ ಇನ್ನೇನು ಮಾಡಿಯಾನು? ಪರೀಕ್ಷಿಸಬೇಕಾದುದು ಯಂತ್ರವು ಸತ್ತಿರುವಾಗಲೇ.

ಮೂರನೆಯ ಸಲ ನಿಂತಾಗ ನಾನೂ ಗಾಡಿಯಲ್ಲಿದ್ದೆ. ಸಂಜೆಯ ಹೊತ್ತು. ಹಿಂದಿನ ಪೀಠದಲ್ಲಿ ಮಿತ್ರರ ತಾಯಿ, ಎರಡು ದಿನದ ಜ್ವರ, ಆಸ್ಪತ್ರೆಗೆ ಹೊರಟಿದ್ದೆವು. ಮಿತ್ರರು ಅಭ್ಯಾಸಬಲದಿಂದ ಒದ್ದೆ ಬಟ್ಟೆಗೆ ಕೈಹಾಕಿದರು. ನಾನು ತಡೆದೆ.

ಮೊದಲು ಗಾಲಿಗಳ ಹಿಂದೆ ಕಲ್ಲುಗಳನ್ನಿಟ್ಟೆವು. ಹಿಡಿಕೆಯಿಂದ ಎಂಜಿನ್ನನ್ನು ತಿರುಗಿಸಬೇಕಾದರೆ ಗೇರನ್ನು ಬಿಡಿಸಲೇಬೇಕು. ಬಿಡಿಸಿದ ಮೇಲೆ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿರುವುದು ಮುದಿ ಕೈಬ್ರೇಕೊಂದೇ. ಅಮ್ಮನವರನ್ನು ಇಳಿಸಿ ದಡದ ಮೇಲೆ ಕಂಬಳಿ ಹಾಸಿ ಕೂರಿಸಿದೆವು. ಅನಂತರ ತೊಟ್ಟಿಯ ಮುಚ್ಚಳವನ್ನು ತಿರುಗಿಸಿ ಕಿವಿಗೊಟ್ಟೆವು. ರಂಧ್ರವು ಕಟ್ಟಿದ್ದರೆ ಗಾಳಿಯು ಒಳನುಗ್ಗುವ ‘ಸುಯ್’ ಎಂಬ ಸದ್ದು ಕೇಳಿಸಬೇಕು, ಕೇಳಿಸಲಿಲ್ಲ. ಮುಚ್ಚಳವನ್ನು ಭದ್ರವಾಗಿ ಮುಚ್ಚಿದೆವು.

ಮುಂದಿನದು ಕಿಡಿಯ ಪರೀಕ್ಷೆ. ಇದನ್ನು ಪೆಟ್ರೋಲು ಕೊಳವೆಯನ್ನು ಬಿಚ್ಚುವುದಕ್ಕೆ ಮುಂಚೆಯೇ ಮಾಡತಕ್ಕದ್ದು. ಪೆಟ್ರೋಲು ಚೆಲ್ಲಿದ ಮೇಲೆ ಕಿಡಿಯನ್ನು ಹುಡುಕಹೋದವರು ಜೀಪನ್ನೇ ಸುಟ್ಟುಕೊಂಡಾರು. ಒಂದು ಪ್ಲಗ್ಗಿನ ತಂತಿಯನ್ನು ಕಳಚಿ, ಅದಕ್ಕೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಗಲುವಂತೆ ಇಟ್ಟು, ಸ್ವಿಚ್ಚು ಹಾಕಿ ಹಿಡಿಕೆಯನ್ನು ತಿರುಗಿಸಬೇಕು. ತಿರುಗಿಸುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಲಿ; ಎಂಜಿನ್ನು ಹಿಂದಕ್ಕೆ ಒದ್ದರೆ, ಸುತ್ತಿ ಹಿಡಿದ ಹೆಬ್ಬೆರಳು ಮುರಿಯುವುದು. ‘ಚಟ್’ ಎಂದು ನೀಲಿಯ ಕಿಡಿ ಹಾರಿದರೆ ದೋಷ ಪೆಟ್ರೋಲಿನ ಕಡೆ. ಆಗ ಕಾರ್ಬುರೇಟರಿನ ಬಳಿ ಕೊಳವೆಯನ್ನು ಬಿಚ್ಚಿ, ಪಂಪಿನ ಬಡಿತಕ್ಕೊಮ್ಮೆ ಪೆಟ್ರೋಲು ಚಿಮ್ಮುವುದೋ ಬರಿಯ ನೊರೆ ಬರುವುದೋ ನೋಡಬಹುದು.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಕಿಡಿ ಹಾರಲೇ ಇಲ್ಲ.

ಆವಿಯು ಪೆಟ್ರೋಲನ್ನು ತಡೆದೀತೇ ಹೊರತು ಕಿಡಿಯನ್ನು ತಡೆಯಲಾರದು. ಎರಡು ತಿಂಗಳ ವಾದ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ ಪಾಯಿಂಟುಗಳು ಶುಭ್ರವಾಗಿದ್ದು, ಇಂಚಿನ ಸಾವಿರದಲ್ಲಿ ಇಪ್ಪತ್ತು ಪಾಲಿನಷ್ಟು, ಎಂದರೆ ಸುಮಾರು ಅರ್ಧ ಮಿಲಿಮೀಟರು, ಸರಿಯಾಗಿ ತೆರೆಯುತ್ತಿದ್ದವು. ಸಣ್ಣದೊಂದು ಬಲ್ಬಿನ ತಂತಿಯನ್ನು ಕಾಯಿಲಿಗೆ ಮುಟ್ಟಿಸಿದರೆ ಬಲ್ಬು ಉರಿಯಿತು. ಬ್ಯಾಟರಿಯ ವಿದ್ಯುತ್ತು ಅಲ್ಲಿಯವರೆಗೆ ಬರುತ್ತಿತ್ತು. ಪೆಟ್ಟಿಗೆಯಲ್ಲಿದ್ದ ಹೊಸ ಕಂಡೆನ್ಸರನ್ನು ಹಾಕಿದೆವು; ಫಲವಿಲ್ಲ. ಉಳಿದುದು ಕಾಯಿಲು. ಅದನ್ನು ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಿತ್ತು.

ಈಗ ಒದ್ದೆ ಬಟ್ಟೆಗೆ ನಿಜವಾದ ಕೆಲಸ ಬಂದಿತು. ಪಂಪನ್ನು ಮುಟ್ಟದೆ, ಎಂಜಿನ್ನಿನ ಮೇಲೆ ನೀರು ಸುರಿಯದೆ (ಕಾದ ಬೀಡುಕಬ್ಬಿಣವು ತಣ್ಣೀರಿಗೆ ಸೀಳಿಹೋಗಬಹುದು), ಕಾಯಿಲಿನ ಹೊಟ್ಟೆಗೆ ಮಾತ್ರ, ಮೇಲಿನ ತಂತಿಗಳು ನೆನೆಯದಂತೆ ಬಟ್ಟೆಯನ್ನು ಸುತ್ತಿ, ಎರಡು ಮೂರು ಸಲ ಬದಲಾಯಿಸಿದೆವು. ಏಳೆಂಟು ನಿಮಿಷವಾಗಿರಬಹುದು. ಎಂಜಿನ್ನು ಇನ್ನೂ ಮುಟ್ಟಲಾರದಷ್ಟು ಸುಡುತ್ತಿರುವಾಗಲೇ ಕಿಡಿ ಹಾರಿತು. ಮೊದಲು ಹಳದಿಯಾಗಿ, ಆಮೇಲೆ ನೀಲಿಯಾಗಿ.

ಅಮ್ಮನವರನ್ನು ಕೂರಿಸಿಕೊಂಡು ಹೊರಟೆವು. ದಾರಿಯಲ್ಲಿ ಇನ್ನೊಮ್ಮೆ ನಿಲ್ಲಿಸಿ ಬಟ್ಟೆಯನ್ನು ನೆನೆಸಿದ್ದಾಯಿತು. ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆ ಸೇರಿದೆವು.

ಮರುದಿನ ಹೊಸ ಕಾಯಿಲು ಬಂದಿತು. ಅನಂತರದ ಬೇಸಗೆಯಲ್ಲಿ ಅದೇ ಏರನ್ನು ಜೀಪು ಎಷ್ಟೋ ಸಲ ಹತ್ತಿದೆ, ನಿಂತಿಲ್ಲ. ಹಳೆಯ ಕಾಯಿಲನ್ನು ಮಿತ್ರರು ಎಸೆಯದೆ ಇಟ್ಟುಕೊಂಡಿದ್ದಾರೆ. ಮೇಜಿನ ಮೇಲಿಟ್ಟು ತಣ್ಣಗಿರುವಾಗ ಪರೀಕ್ಷಿಸಿದರೆ, ಅದು ಈಗಲೂ ಹೊಸದರಂತೆಯೇ ನೀಲಿಯ ಕಿಡಿಯನ್ನು ಕೊಡುತ್ತದೆ.