ಮದುವೆಯ ಮುಯ್ಯಿಯೂ ಮನೆಯ ಹಳೆಯ ಸಾಮಾನೂ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರ ಲಗ್ನಪತ್ರಿಕೆಗಳ ಅಡಿಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂಬ ಒಕ್ಕಣೆ ತಪ್ಪದೆ ಅಚ್ಚಾಗಿರುತ್ತದೆ. ಅದನ್ನು ಓದಿದ ಮೇಲೂ ಬರಿಗೈಯಲ್ಲಿ ಮದುವೆಗೆ ಹೋಗಲು ಯಾರ ಮನಸ್ಸೂ ಒಪ್ಪುವುದಿಲ್ಲ. ಲಕೋಟೆಯೊಳಗೆ ನೂರೊಂದೋ ಐನೂರೊಂದೋ ಇಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಸೋದರಸೊಸೆಯ ಮದುವೆ, ಆಪ್ತ ಗೆಳತಿಯ ಮಗನ ಮದುವೆ ಎಂದಾಗ ಲಕೋಟೆಯಿಂದ ತೃಪ್ತಿಯಾಗದು. ಆಗ ಏನು ಕೊಡಬೇಕೆಂಬ ಚಿಂತೆ ಆರಂಭವಾಗುತ್ತದೆ.

ಈ ಚಿಂತೆಗೆ ನಮ್ಮ ಭಾಷೆಯಷ್ಟೇ ವಯಸ್ಸಾಗಿರಬೇಕು. ‘ಉಡುಗೊರೆ’ ಎಂಬ ಮಾತಿನಲ್ಲಿಯೇ ‘ಉಡು’ ಇದೆ. ಮೊದಲು ಅದು ಉಡಲು ಕೊಡುವ ಬಟ್ಟೆಯನ್ನೇ ಸೂಚಿಸುತ್ತಿತ್ತು. ಉತ್ತರ ಕರ್ನಾಟಕದ ‘ಆಯೇರಿ’ಯೂ ಮರಾಠಿಗರ ‘ಆಹೇರ’ವೂ ಇಂದಿಗೂ ಸೀರೆ, ಕುಪ್ಪಸದ ಖಣ, ಧೋತರಗಳ ಸುತ್ತಲೇ ಇವೆ. ‘ಮುಯ್ಯಿ’ ಎಂಬುದು ಇನ್ನೂ ಸ್ವಾರಸ್ಯದ ಮಾತು. ಮದುವೆಯಲ್ಲಿ ಕೊಡುವ ಕಾಣಿಕೆಗೂ ಅದೇ ಪದ, ಹಗೆ ತೀರಿಸಿಕೊಳ್ಳುವುದಕ್ಕೂ ಅದೇ ಪದ! ಯಾರು ಏನು ಕೊಟ್ಟರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನೇ ಹಿಂದಿರುಗಿಸುತ್ತಿದ್ದ ಹಿರಿಯರಿಗೆ ಈ ಎರಡು ಅರ್ಥಗಳ ನಡುವೆ ದೊಡ್ಡ ಅಂತರ ಕಂಡಿರಲಾರದು.

ಇಂದಿನ ನಗರದ ಮನೆಯಲ್ಲಿ ಮುಯ್ಯಿ ನಿಜವಾಗಿಯೂ ಹಗೆಯಂತಾಗುವ ಸಂದರ್ಭಗಳುಂಟು. ಒಂದೇ ಮಾದರಿಯ ಮೂರು ಗೋಡೆ ಗಡಿಯಾರ, ನಾಲ್ಕು ಲೆಮನ್ ಸೆಟ್, ಐದು ಊಟದ ಡಬ್ಬಿ, ಗಾಜಿನ ಪೆಟ್ಟಿಗೆಯೊಳಗಿನ ದೇವರ ಮೂರ್ತಿಗಳು. ಒಂದು ಮಲಗುವ ಕೋಣೆ, ಒಂದು ನಡುಮನೆ, ಅಡುಗೆಮನೆಯ ಮೇಲೆ ಮೂರಡಿಯ ಅಟ್ಟ, ಇಷ್ಟರಲ್ಲಿ ಸಂಸಾರ ಹೂಡುವ ದಂಪತಿಗಳು ಇವನ್ನೆಲ್ಲ ಎಲ್ಲಿಡಬೇಕು? ಹೊದಿಕೆಯನ್ನೂ ಬಿಚ್ಚದೆ ಅವು ಮುಂದಿನ ಮದುವೆಗೆ ಸಾಗುತ್ತವೆ. ಕೆಲವು ಸಾಮಾನು ಊರೆಲ್ಲ ಸುತ್ತಿ ಮೊದಲು ಕೊಂಡವರ ಮನೆಗೇ ಮರಳಿ ಬಂದರೆ ಅಚ್ಚರಿಪಡಬೇಕಾದ್ದಿಲ್ಲ.

ಇದೇ ಹೊತ್ತಿನಲ್ಲಿ ಅದೇ ಕುಟುಂಬದ ಇನ್ನೊಂದು ಮನೆಯಲ್ಲಿ ಬೇರೊಂದು ಕೆಲಸ ನಡೆದಿರುತ್ತದೆ. ಗಿರಗಾಂವ, ದಾದರ, ಮಾಟುಂಗಗಳ ಹಳೆಯ ಕಟ್ಟಡಗಳು ಪುನರ್ನಿರ್ಮಾಣಕ್ಕೆ ಹೋಗುತ್ತಿವೆ. ಕೋಣೆ ಖಾಲಿ ಮಾಡಬೇಕಾದವರು ಅಜ್ಜಿಯ ಕಾಲದ ಹೊಲಿಗೆ ಯಂತ್ರ, ತಾಮ್ರದ ಹಂಡೆ, ಊರಿನಿಂದ ಬರುವಾಗ ತಂದ ಕಬ್ಬಿಣದ ಟ್ರಂಕು, ಸಾಗುವಾನಿಯ ಕಪಾಟು ಎಲ್ಲವನ್ನೂ ಭಂಗಾರವಾಲಾನಿಗೆ ತೂಕಕ್ಕೆ ಹಾಕುತ್ತಾರೆ. ಬೇಡವಾದ ಹೊಸದು ಒಳಗೆ ಬರುತ್ತದೆ, ಬೇಕಾಗಬಹುದಾದ ಹಳೆಯದು ಹೊರಗೆ ಹೋಗುತ್ತದೆ. ಇವೆರಡನ್ನೂ ಒಂದೆಡೆ ಸೇರಿಸಿ ನೋಡಿದರೆ ಮುಯ್ಯಿಯ ಚಿಂತೆಗೆ ಉತ್ತರ ಮನೆಯ ಅಟ್ಟದಲ್ಲಿಯೇ ದೊರಕುವ ಸಂಭವವುಂಟು.

ಮರದ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಹಳೆಯ ಮುಂಬಯಿಯ ಚಾಳುಗಳ ತೊಲೆಗಳಿಗೂ ಜಿನೆಗಳಿಗೂ ಬರ್ಮಾದ ಸಾಗುವಾನಿಯನ್ನು ಧಾರಾಳವಾಗಿ ಬಳಸಿದ್ದರು. ಸಾಗುವಾನಿಯಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಅದರ ಗೊಡವೆಗೆ ಸುಲಭವಾಗಿ ಹೋಗದು. ದಶಕಗಟ್ಟಲೆ ಒಣಗಿದ ಮರ ಇನ್ನು ಮಳೆಗಾಲದಲ್ಲಿ ಹೆಚ್ಚಾಗಿ ಉಬ್ಬುವುದಿಲ್ಲ, ಬೇಸಿಗೆಯಲ್ಲಿ ಸೊಟ್ಟಗಾಗುವುದೂ ಇಲ್ಲ. ಇಂದು ಅಂಗಡಿಗಳಲ್ಲಿ ದೊರೆಯುವ ಅಗ್ಗದ ಕಪಾಟುಗಳಾದರೋ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆಗಳಿಂದಾದವು. ಒಮ್ಮೆ ನೀರು ತಾಗಿದರೆ ಅಂಚು ಉಬ್ಬುತ್ತದೆ. ಎರಡನೆಯ ಬಾರಿ ಮನೆ ಬದಲಿಸುವಾಗ ತಿರುಪುಮೊಳೆ ಕಚ್ಚುವುದಿಲ್ಲ. ಅಲ್ಲದೆ ಅಂಥ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಸ್ವಲ್ಪ ಸ್ವಲ್ಪವಾಗಿ ಹೊರಬೀಳುತ್ತದೆ. ಹೊಸತರಲ್ಲಿ ಅದರ ಪ್ರಮಾಣ ಹೆಚ್ಚು. ಕಣ್ಣುರಿ, ಗಂಟಲ ಕೆರೆತಗಳಿಗೆ ಅದು ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ಒಂದು ಕಪಾಟಿನಿಂದ ಯಾರಿಗೂ ರೋಗ ಬಂದೇ ಬರುವುದೆಂದು ಇದರ ಅರ್ಥವಲ್ಲ. ಆದರೆ ಕಿಟಕಿ ಮುಚ್ಚಿದ ಚಿಕ್ಕ ಕೋಣೆಯ ತುಂಬ ಹೊಸ ಹಲಗೆಯ ಸಾಮಾನು ತುಂಬಿ, ಅದರಲ್ಲೇ ಮಗುವನ್ನು ಮಲಗಿಸುವುದು ಜಾಣತನವಲ್ಲ.

ಹಳೆಯದರಿಂದ ಏನೇನು ಮಾಡಬಹುದು? ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರದ ಎರಕದ ಕಬ್ಬಿಣದ ಕಾಲುಗಳಿಗಿಂತ ಸುಂದರವಾದ ಮೇಜಿನ ಕಾಲುಗಳು ಇಂದು ಎಲ್ಲಿಯೂ ಸಿಗಲಾರವು. ಮೇಲಿನ ಯಂತ್ರವನ್ನು ತೆಗೆದು ನಾಲ್ಕಡಿ ಉದ್ದ, ಇಪ್ಪತ್ತು ಅಂಗುಲ ಅಗಲದ ಹಲಗೆಯೊಂದನ್ನು ಕೂಡಿಸಿದರೆ ಬರೆಯುವ ಮೇಜು ಸಿದ್ಧ. ಚಕ್ರವನ್ನೂ ಪಟ್ಟಿಯನ್ನೂ ಬಿಚ್ಚಿಬಿಡಬೇಕು, ತುಳಿಯುವ ಹಲಗೆಯನ್ನು ಅಲುಗಾಡದಂತೆ ಬಿಗಿಯಬೇಕು. ಇಲ್ಲವಾದರೆ ಅಂಬೆಗಾಲಿಡುವ ಮಗುವಿನ ಬೆರಳು ಅಲ್ಲಿಗೇ ಹೋಗುತ್ತದೆ. ದಪ್ಪ ಚೌಕಟ್ಟಿನ ಹಳೆಯ ಬಾಗಿಲು ಆರು ಜನರ ಊಟದ ಮೇಜಾಗುತ್ತದೆ. ಕೆತ್ತನೆಯ ಸಂದುಗಳಲ್ಲಿ ಅನ್ನದ ಅಗುಳು ಸೇರದಂತೆ ಮೇಲೆ ಗಟ್ಟಿಗೊಳಿಸಿದ ಗಾಜು ಹಾಸಿದರಾಯಿತು. ಟ್ರಂಕಿಗೆ ನಾಲ್ಕು ಗಿಡ್ಡ ಕಾಲುಗಳನ್ನು ಹಚ್ಚಿ ಮೇಲೊಂದು ಹತ್ತಿಯ ಮೆತ್ತೆ ಹಾಕಿದರೆ ಕೂರಲೂ ಆಯಿತು, ಚಳಿಗಾಲದ ಹೊದಿಕೆಗಳನ್ನು ಇಡಲೂ ಆಯಿತು. ಊರಿನ ಮನೆಯ ಅಡ್ಡಣಿಗೆ, ಊಟದ ಮಣೆಗಳು ಗೋಡೆಗೇರಿ ಪುಸ್ತಕದ ತಟ್ಟುಗಳಾಗಬಲ್ಲವು. ಸ್ವಂತ ಅಟ್ಟವಿಲ್ಲದವರಿಗೆ ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಜೋಗೇಶ್ವರಿ ಪಶ್ಚಿಮದ ಓಶಿವರಾ, ಪುಣೆಯ ಜುನಾ ಬಜಾರ್, ದೆಹಲಿಯ ಅಮರ್ ಕಾಲೊನಿಗಳಿವೆ. 1983ರಲ್ಲಿ ಹಡಗು ಒಡೆಯುವ ಕೆಲಸ ಆರಂಭವಾದ ಗುಜರಾತಿನ ಅಲಂಗದ ಬಳಿ ಹಡಗುಗಳ ಮೇಜು, ಕುರ್ಚಿ, ಕಪಾಟುಗಳ ಮಾರಾಟವೂ ಉಂಟು.

ಮೊಳೆ, ಸುತ್ತಿಗೆಗಳ ಗೋಜು ಬೇಡವೆನ್ನುವವರಿಗೆ ಕೌದಿಯಿದೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಸಣ್ಣ ಓಟದ ಹೊಲಿಗೆಯಿಂದ ಕೂಡಿಸುವ ಈ ಕಲೆ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಮನೆಮನೆಯದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಮಹಿಳೆಯರು ಹೊಲಿಯುವ ಕವಂದಿಯಾದರೋ ಪ್ರಸಿದ್ಧವಾಗಿದೆ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಬಟ್ಟೆಯ ‘ಫೂಲ’ಗಳನ್ನಿಡದೆ ಕವಂದಿ ಪೂರ್ಣವಾಯಿತೆಂದು ಒಪ್ಪುವುದಿಲ್ಲ. ಇಳಕಲ್ ಸೀರೆ ಸವೆದಾಗ ಮೈಭಾಗ ಜೀರ್ಣವಾದರೂ ಕೆಂಪು ಸೆರಗು ಎಷ್ಟೋ ವೇಳೆ ಗಟ್ಟಿಯಾಗಿಯೇ ಉಳಿದಿರುತ್ತದೆ. ತಾಯಿಯ, ಅಜ್ಜಿಯ, ಅತ್ತೆಯ ಅಂಥ ಸೆರಗುಗಳನ್ನು ಒಂದುಗೂಡಿಸಿ ದಿವಾನಿನ ಹಾಸು ಮಾಡಿಸಿದರೆ ಮದುಮಗಳು ಅದನ್ನು ಮುಂದಿನ ಮದುವೆಗೆ ಸಾಗಹಾಕುವಳೆಂಬ ಭಯವಿಲ್ಲ. ಬಟ್ಟೆಯನ್ನು ಹೊಲಿಯುವ ಮೊದಲೇ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಬೇಕು. ಬಣ್ಣ ಬಿಡುವ ಬಟ್ಟೆಯನ್ನು ಉಪ್ಪುನೀರಿನಲ್ಲಿ ಬೇರೆಯಾಗಿ ನೆನೆಸಿ ನೋಡುವುದು ಒಳ್ಳೆಯದು. ಕೌದಿ ಹೊಲಿಯಲು ವಾರಗಳೇ ಬೇಕು. ಲಗ್ನಪತ್ರಿಕೆ ಕೈಸೇರಿದ ಮೇಲೆ ಆರಂಭಿಸಿದರೆ ನಾಮಕರಣಕ್ಕೆ ಮುಗಿದೀತು.

ಇಷ್ಟು ಹೇಳಿದ ಮೇಲೆ ಅತ್ಯಗತ್ಯವಾದ ಎಚ್ಚರಿಕೆಯ ಮಾತುಗಳನ್ನು ಹೇಳಬೇಕು. ಹೊಸ ದಂಪತಿಗಳ ಮನೆಗೆ ವರ್ಷ ಎರಡು ವರ್ಷದಲ್ಲಿ ಮಗು ಬರುವ ಸಂಭವವಿರುವುದರಿಂದ ಇವನ್ನು ಲಘುವಾಗಿ ಕಾಣಬಾರದು.

ಹಳೆಯ ಎಣ್ಣೆಬಣ್ಣದಲ್ಲಿ ಸೀಸ ಇರುತ್ತಿತ್ತು. ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ವಿಶೇಷವಾಗಿ ಹೆಚ್ಚು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಕೂಡದೆಂಬ ನಿಯಮವು 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣದ ಕುರ್ಚಿ, ಬಾಗಿಲು, ತೊಟ್ಟಿಲುಗಳಲ್ಲಿ ಎಷ್ಟು ಸೀಸವಿದೆಯೆಂದು ಕಣ್ಣಿನಿಂದ ತಿಳಿಯುವುದು ಅಸಾಧ್ಯ. ಮಕ್ಕಳಿಗೆ ಇಷ್ಟು ಸೀಸ ಸೇರಿದರೆ ಅಪಾಯವಿಲ್ಲ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಿದುಳಿನ ಬೆಳವಣಿಗೆಯನ್ನು ಕುಂಠಿಸುತ್ತದೆ. ಗರ್ಭಿಣಿಯ ರಕ್ತದಿಂದ ಗರ್ಭದ ಶಿಶುವಿಗೂ ತಲಪುತ್ತದೆ. ಆದ್ದರಿಂದ ಹಳೆಯ ಬಣ್ಣವನ್ನು ಮನೆಯೊಳಗೆ ಒಣದಾಗಿ ಉಜ್ಜಿ ತೆಗೆಯುವುದು, ಬೆಂಕಿಯ ದೀಪದಿಂದ ಸುಟ್ಟು ಕೆರೆಯುವುದು ಎರಡೂ ತಪ್ಪು. ಆ ಧೂಳು, ಆ ಹೊಗೆಯೇ ವಿಷ. ಬಡಗಿಯ ಕಾರ್ಖಾನೆಯಲ್ಲಿ, ನೀರು ಚಿಮುಕಿಸಿ, ಮೂಗುಬಾಯಿಗಳಿಗೆ ಸರಿಯಾದ ಮುಸುಕು ಕಟ್ಟಿಕೊಂಡು ಮಾಡಿಸಬೇಕು. ಬಡಗಿಗೂ ಮಕ್ಕಳಿದ್ದಾರೆಂಬುದನ್ನು ಮರೆಯಬಾರದು. ಬಣ್ಣ ಎಲ್ಲಿಯೂ ಚಕ್ಕೆಯೇಳದೆ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹೊಸ ಬಣ್ಣ ಬಳಿಸುವುದು ಹೆಚ್ಚು ಕ್ಷೇಮ. ಬಣ್ಣವಿಲ್ಲದೆ ಅರಗಿನ ಪಾಲಿಷ್ ಮಾತ್ರ ಕಂಡ ಮರವಾದರೆ ಈ ಭಯ ಬಹುಮಟ್ಟಿಗೆ ಇಲ್ಲ. ಕೊಳ್ಳುವಾಗ ಅಂಥದನ್ನೇ ಆರಿಸಬೇಕು.

ಕೀಟಗಳದು ಎರಡನೆಯ ಮಾತು. ಮರದಲ್ಲಿ ಸೂಜಿತೂತುಗಳಿದ್ದು ಕೆಳಗೆ ಬಿಳುಪಾದ ನುಣ್ಣನೆಯ ಪುಡಿ ಬಿದ್ದಿದ್ದರೆ ಕುಟ್ಟೆಹುಳು ಒಳಗೆ ಇನ್ನೂ ಕೆಲಸ ಮಾಡುತ್ತಿದೆಯೆಂದೇ ತಿಳಿಯಬೇಕು. ಒರೆಸಿ ಕರಿಯ ಕಾಗದ ಹಾಸಿ ವಾರ ಬಿಟ್ಟು ನೋಡಿದರೆ ನಿಜ ತಿಳಿಯುತ್ತದೆ. ಮಂಚದ ಕೀಲುಗಳಲ್ಲಿ, ಕುರ್ಚಿಯ ಬೆತ್ತದ ಸಂದುಗಳಲ್ಲಿ ಕಪ್ಪು ಚುಕ್ಕೆಗಳಿದ್ದರೆ ತಗಣೆಯ ಗುರುತು. ಹಳೆಯ ಮೆತ್ತೆಯನ್ನಂತೂ ಎಂದಿಗೂ ಉಳಿಸಬಾರದು. ಚೌಕಟ್ಟನ್ನು ಮಾತ್ರ ಇಟ್ಟುಕೊಂಡು ಒಳಗಿನದನ್ನೆಲ್ಲ ಹೊಸದಾಗಿ ತುಂಬಿಸಬೇಕು.

ಬಂದರಿನ ಸರಕಿನ ಮರದ ಪೆಟ್ಟಿಗೆ, ಹಲಗೆಗಳಿಂದ ಸೋಫಾ ಮಾಡಿಸುವುದು ಈಚಿನ ಹವ್ಯಾಸ. ದೇಶದಿಂದ ದೇಶಕ್ಕೆ ಸಾಗುವ ಇಂಥ ಮರದ ಮೇಲೆ ಸುಟ್ಟು ಒತ್ತಿದ ಮೊಹರು ಇರುತ್ತದೆ. ಅದರಲ್ಲಿ ‘ಎಚ್‌ಟಿ’ ಎಂದಿದ್ದರೆ ಹುಳುಗಳನ್ನು ಕೊಲ್ಲಲು ಕಾಯಿಸಿದ್ದಾರೆಂದರ್ಥ; ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ. ಎರಡನೆಯದು ಮನೆಗೆ ಬೇಡ. ರೈಲುಹಳಿಯ ಕೆಳಗಿದ್ದ ಮರದ ದಿಮ್ಮಿಗಳೂ ಬೇಡ. ನೋಡಲು ಅವು ಎಷ್ಟು ಗಂಭೀರವಾಗಿದ್ದರೂ, ಕೊಳೆಯದಿರಲೆಂದು ಅವುಗಳಿಗೆ ಕುಡಿಸುತ್ತಿದ್ದ ಕ್ರಿಯೋಸೋಟ್ ಎಣ್ಣೆ ಊಟದ ಮೇಜಿಗೆ ತಕ್ಕದ್ದಲ್ಲ.

ಮನೆತನದ ತೊಟ್ಟಿಲನ್ನು ಕೊಡುವವರು ಅಳತೆಪಟ್ಟಿ ಹಿಡಿದು ನೋಡಬೇಕು. ಪಕ್ಕದ ಕಡ್ಡಿಗಳ ನಡುವೆ ಆರು ಸೆಂಟಿಮೀಟರಿಗಿಂತ ಹೆಚ್ಚು ಸಂದಿದ್ದರೆ ಶಿಶುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುವ ಅಪಾಯವುಂಟು. ನಡುವೆ ಇನ್ನೊಂದೊಂದು ಕಡ್ಡಿ ಕೂಡಿಸುವುದು ಬಡಗಿಗೆ ಅರ್ಧ ದಿನದ ಕೆಲಸ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯದೆ ಬಿಡಬಾರದು. ಸೆಳೆಖಾನೆಗಳನ್ನು ಮೆಟ್ಟಿಲು ಮಾಡಿಕೊಂಡು ಹತ್ತುವ ಮಗುವಿನ ಮೇಲೆ ಅದು ಉರುಳುತ್ತದೆ. ಕೆಟ್ಟ ಫ್ರಿಜ್ಜನ್ನು ಪುಸ್ತಕದ ಬೀರು ಮಾಡುವ ಚಾತುರ್ಯವಿರುವವರು ಅದರ ಬಾಗಿಲನ್ನು ಕಿತ್ತೇ ಕೊಡಬೇಕು.

ಹಿತ್ತಾಳೆ, ತಾಮ್ರಗಳ ಕಥೆ ಬೇರೆ. ಹಂಡೆಯ ಬಾಯಿಗೆ ದುಂಡು ಗಾಜನ್ನಿಟ್ಟರೆ ಅದೇ ಮೂಲೆಯ ಮೇಜು. ಕೊಳಗವು ಗಿಡದ ಕುಂಡವಾದೀತು. ಆದರೆ ಅಲಂಕಾರಕ್ಕೆಂದು ಕೊಟ್ಟ ಹಿತ್ತಾಳೆಯ ಪಾತ್ರೆಯಲ್ಲಿ ಹಬ್ಬದ ದಿನ ಮದುಮಗಳು ಹುಳಿ ಕುದಿಸಿದರೆ? ಹುಣಸೆ, ಮೊಸರು, ನಿಂಬೆಗಳ ಹುಳಿಗೆ ತಾಮ್ರ ಕರಗಿ ವಾಂತಿ, ಹೊಟ್ಟೆನೋವುಗಳಾಗುತ್ತವೆ. ಅಡುಗೆಗೆ ಬಳಸುವುದಿದ್ದರೆ ಒಳಗೆ ತವರದ ಕಲಾಯಿ ಇರಲೇಬೇಕು. ನವಸಾಗರದಿಂದ ಉಜ್ಜಿ ಕಾದ ಪಾತ್ರೆಗೆ ತವರ ಸವರುವ ಕಲಾಯಿಗಾರರು ಮುಂಬಯಿಯ ಕೇರಿಗಳಲ್ಲಿ ಅಪರೂಪವಾಗಿದ್ದಾರೆ; ಆದುದರಿಂದ ಕಲಾಯಿ ಮಾಡಿಸಿಯೇ ಕೊಡುವುದು ಮರ್ಯಾದೆ. ತವರ 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವುದರಿಂದ ಬರಿಯ ಪಾತ್ರೆಯನ್ನು ಒಲೆಯ ಮೇಲಿಡಬಾರದೆಂಬ ಮಾತನ್ನೂ ಜೊತೆಗೆ ಹೇಳಬೇಕು.

ಹಳೆಯದನ್ನು ಕೊಡುವುದು ಜಿಪುಣತನವೆಂಬ ಅಪವಾದ ಬಾರದಂತೆ ನೋಡಿಕೊಳ್ಳುವುದು ಹೇಗೆ? ಹಳೆಯ ಸಾಮಾನಿನೊಂದಿಗೆ ಒಂದು ಹೊಸದನ್ನು ಇಡುವುದು ಹಿರಿಯರ ಕ್ರಮ. ಟ್ರಂಕಿನ ಪೀಠದೊಳಗೆ ಒಂದು ಖಣ, ಮೇಜಿನ ಮೇಲೆ ಚನ್ನಪಟ್ಟಣದ ಅರಗಿನ ಬಣ್ಣದ ಬಟ್ಟಲುಗಳು, ಕೊಪ್ಪಳದ ಬಳಿಯ ಕಿನ್ನಾಳದ ಒಂದು ಗೊಂಬೆ. ವಸ್ತು ಯಾರದಾಗಿತ್ತು, ಯಾವ ಊರಿನಿಂದ ಬಂತು ಎಂಬುದನ್ನು ನಾಲ್ಕು ಸಾಲು ಬರೆದು ಒಳಗೆ ಅಂಟಿಸಿದರೆ ಇನ್ನೂ ಚೆನ್ನು. ಮೂರನೆಯ ತಲೆಮಾರಿನ ಮುಂಬಯಿ ಕನ್ನಡ ಮಕ್ಕಳಿಗೆ ಅಜ್ಜನ ಊರಿನ ಹೆಸರು ಬೇರೆಲ್ಲಿ ಓದಲು ಸಿಕ್ಕೀತು? ಮುಖ್ಯವಾಗಿ, ಕೊಡುವ ಮೊದಲು ಮದುಮಗಳನ್ನೇ ಕೇಳಬೇಕು. ಆಕೆಗೆ ಬೇಡವಾದ ಕಪಾಟು ಎಷ್ಟೇ ಬೆಲೆಬಾಳಲಿ, ಬೇಡವೇ. ಬೇಕೆಂದರೆ ಲಿಫ್ಟಿನ ಬಾಗಿಲನ್ನೂ ಜಿನೆಯ ತಿರುವನ್ನೂ ಅಳೆದು ನೋಡಿ, ಮದುವೆಯ ಗದ್ದಲವೆಲ್ಲ ಮುಗಿದ ವಾರದ ಮೇಲೆ ನೇರವಾಗಿ ಮನೆಗೆ ಕಳುಹಿಸಬೇಕು. ಮಂಟಪದಲ್ಲಿ ಮೇಜಿಗೇನು ಕೆಲಸ?

ಕಾನೂನಿನ ಒಂದು ಮಾತು ಉಳಿದಿದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಅಡಿಯಲ್ಲಿ 1985ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧುವೂ ವರನಿಗೆ ಬಂದವುಗಳದನ್ನು ವರನೂ ಬರೆದಿಡಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಯಾವ ಸಂಬಂಧ, ಎಲ್ಲವೂ ಅದರಲ್ಲಿರಬೇಕು. ಇಬ್ಬರ ಸಹಿಯೂ ಬೇಕು. ಅಜ್ಜಿಯ ಹೊಲಿಗೆ ಯಂತ್ರದ ಮೇಜನ್ನು ವಧುವಿನ ಪಟ್ಟಿಯಲ್ಲಿ, ಅವಳ ಹೆಸರಿನಲ್ಲಿಯೇ ಬರೆಯಿಸತಕ್ಕದ್ದು. ಬೆಲೆಯ ಅಂಕಣದಲ್ಲಿ ಬಡಗಿಯ ಕೂಲಿ ಮತ್ತು ಹೊಸ ಹಲಗೆಯ ದರವನ್ನು ಕೂಡಿಸಿ ಬರೆದರೆ ಸಾಕಾಗುತ್ತದೆ.