ನಿಂತು ಹುಟ್ಟು ಹಾಕುವ ಹಲಗೆ: ನಮ್ಮ ನೀರಿಗೆ ಯಾವುದು ಸರಿ?

ಉಮರ್ಗಾ, ನಿಲಂಗಾ, ಉದಗೀರ ಅಂದಕೂಡಲೇ ಹೊರಗಿನವರಿಗೆ ನೆನಪಾಗುವುದು ಬರ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದದ್ದನ್ನು ಇಡೀ ದೇಶ ನೋಡಿತು. ಅಂಥ ಸೀಮೆಯಲ್ಲಿ ಕುಳಿತು, ನೀರಿನ ಮೇಲೆ ನಿಂತು ಸಾಗುವ ಹಲಗೆಯ ಬಗ್ಗೆ ಬರೆಯಲು ಹೊರಟಿದ್ದೇನೆ. ನಗುವವರು ನಗಲಿ. ಈಗ ಹೊಲಹೊಲಕ್ಕೊಂದು ಶೇತತಳೆ, ಅಂದರೆ ನಮ್ಮ ಕೃಷಿ ಹೊಂಡ, ಬಂದಿದೆ. ಉಮರ್ಗಾದವರಿಗೆ ಮಾಕಣಿಯ ಕೆಳ ತೇರಣಾ ಜಲಾಶಯ ದೂರವಲ್ಲ. ನಿಲಂಗಾ ತಾಲೂಕಿನ ಔರಾದ ಶಹಾಜಾನಿ ಕಡೆ ತೇರಣಾ ಬಂದು ಮಾಂಜ್ರೆಗೆ ಕೂಡುತ್ತದೆ, ಅಲ್ಲಿಂದ ಮುಂದೆ ಹೊಳೆ ಬೀದರ ಜಿಲ್ಲೆಗೆ ಇಳಿಯುತ್ತದೆ. ಭಾಲ್ಕಿ ಕಡೆಗೆ ಕಾರಂಜಾ ಹಿನ್ನೀರು. ನೀರೇನೋ ಇದೆ, ಅದರ ಮೇಲೆ ಹೋಗುವ ಸಾಧನ ನಮ್ಮಲ್ಲಿ ಇಲ್ಲ, ಅದರ ತಿಳಿವಳಿಕೆ ಅದಕ್ಕೂ ಕಡಿಮೆ.

ಹುಡುಗರು ಮೊಬೈಲಿನಲ್ಲಿ ನೋಡಿ 'ಸ್ಟ್ಯಾಂಡ್ ಅಪ್ ಪ್ಯಾಡಲ್ ಬೋರ್ಡ್' ಬೇಕು ಅಂತಾರ. ನನ್ನ ತಂಗಿಯ ಮಗನೂ ಅವರಲ್ಲೊಬ್ಬ. ಹೊಂಡದಲ್ಲಿ ಮೀನು ಬಿಟ್ಟಿದ್ದಾನೆ, ಮೇವು ಹಾಕಲು, ಪಾಚಿ ಎಳೆಯಲು, ಮೋಟಾರಿನ ಫುಟ್‌ವಾಲ್ವ್ ನೋಡಲು ನಡು ನೀರಿಗೆ ಹೋಗಬೇಕು. ಅವನಿಗೆ ಯಾವುದು ಕೊಳ್ಳಬೇಕು ಅಂತ ಹೇಳುವ ಸಲುವಾಗಿ ಒಂದು ಮಳೆಗಾಲವೆಲ್ಲಾ ಕೇಳಿ, ನೋಡಿ, ಲೆಕ್ಕ ಹಾಕಿದೆ. ಅದೇ ಲೆಕ್ಕ ಇಲ್ಲಿದೆ.

ಮೊದಲು ಹೆಸರಿನ ಒಂದು ಮಾತು. ಕನ್ನಡದಲ್ಲಿ 'ಹುಟ್ಟು' ಅಂದರೆ ದೋಣಿ ನಡೆಸುವ ಕೋಲು, ಜನ್ಮವೂ ಹೌದು. ತೆಲುಗಿನಲ್ಲಿ 'ಪುಟ್ಟಿ' ಅಂದರೆ ಹರಿಗೋಲು, 'ಹುಟ್ಟಿ' ಎಂಬ ಅರ್ಥವೂ ಅದಕ್ಕಿದೆ. ಒಬ್ಬರು ಕೋಲಿಗೆ ಇಟ್ಟ ಮಾತನ್ನೇ ಇನ್ನೊಬ್ಬರು ದೋಣಿಗೆ ಇಟ್ಟರು. ಎರಡೂ ಭಾಷೆಯಲ್ಲಿ ಪದ್ಯ ಕಟ್ಟುವ ನನ್ನಂಥವನಿಗೆ ಇದು ಪುಕ್ಕಟೆ ಸಿಕ್ಕ ಪ್ರಾಸ. ಮರಾಠಿಯವರು ಕೋಲಿಗೆ 'ವಲ್ಹೆ', ತೆಪ್ಪಕ್ಕೆ 'ತರಾಫಾ' ಅಂತಾರ. ಮೂರು ಭಾಷೆಯ ಸಂತೆಯಲ್ಲಿ ಯಾವ ಹೆಸರಿನಿಂದ ಕೇಳಿದರೂ ನಡೀತದ.

ಈ ಹಲಗೆಯ ತವರು ಹವಾಯಿ ದ್ವೀಪ. ನಮಗೆ ಹತ್ತಿರದಲ್ಲಿ ಅದನ್ನು ನೋಡಬೇಕಾದರೆ ಕರ್ನಾಟಕದ ಕರಾವಳಿಗೆ, ಮುಲ್ಕಿಯ ಶಾಂಭವಿ ನದಿಯ ಕಡೆಗೆ ಹೋಗಬೇಕು. 2024ರ ಮಾರ್ಚ್‌ನಲ್ಲಿ ಮಂಗಳೂರು ಬಳಿಯ ಸಸಿಹಿತ್ಲು ಕಡಲಲ್ಲಿ ಪರದೇಶದವರೂ ಬಂದು ಇದರ ಪಂದ್ಯ ಆಡಿದರು. ಅಲ್ಲಿನ ಚಿತ್ರ ನೋಡಿ ಹಲಗೆ ಆರಿಸಬೇಡಿ. ಪಂದ್ಯದ ಹಲಗೆ ಉದ್ದ, ಸಪೂರ; ಅಗಲ 24ರಿಂದ 28 ಇಂಚು ಅಷ್ಟೇ. ಪಳಗಿದ ಕಾಲಿಗೆ ಅದು ಓಡುತ್ತದೆ, ಹೊಸಬನನ್ನು ಎರಡನೇ ನಿಮಿಷಕ್ಕೆ ನೀರಿಗೆ ಕೆಡವುತ್ತದೆ. ನಮ್ಮ ಕೆಲಸಕ್ಕೆ 32 ಇಂಚಿಗಿಂತ ಕಡಿಮೆ ಅಗಲದ್ದು ಬೇಡವೇ ಬೇಡ, 34 ಇದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ನಾವು ಇಷ್ಟು ದಿನ ಏನು ಮಾಡಿದೆವು? ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯ ಹಾಗೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ, 15-20 ಮಂದಿ ಹಿಡಿಸುವ ದೋಣಿಗಳನ್ನು ಕಂಡು ಬರೆದಿದ್ದಾನೆ. ತುಂಗಭದ್ರೆಯ ಮೇಲೆ ಆ ಹರಿಗೋಲು ಈಗಲೂ ಇದೆ, ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ಕು, ಡಾಂಬರು ಬಂದಿವೆ. ಮಾಂಜ್ರಾ ಸೀಮೆಯಲ್ಲಿ ಅದರ ರೂಢಿ ಇಲ್ಲ. ಇಲ್ಲಿ ನೀರು ಏರಿದಾಗ ಕೈಗೆ ಸಿಗುವುದು ಬೆಲ್ಲದ ಗಾಣದ ಕಾಹಿಲಿ, ಅಂದರೆ ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆ. ಇಲ್ಲವೇ ಟ್ರ್ಯಾಕ್ಟರಿನ ಟ್ಯೂಬು. ಇಲ್ಲವೇ ಥರ್ಮೊಕೋಲ್.

ಕಾಹಿಲಿ ತೇಲುತ್ತದೆ, ಖರೆ. ಆದರೆ ಅದರಲ್ಲಿ ನಿಂತವನು ಒಂದು ಬದಿಗೆ ವಾಲಿದರೆ ಅಂಚು ನೀರು ಕುಡಿಯುತ್ತದೆ, ಒಮ್ಮೆ ನೀರು ಹೊಕ್ಕರೆ ಕಬ್ಬಿಣ ಕಬ್ಬಿಣವೇ. ಟ್ಯೂಬಿನ ಮೇಲೆ ನಿಲ್ಲಲು ಬರುವುದಿಲ್ಲ. ಅರ್ಧ ಮೈ ನೀರಲ್ಲೇ. ಚಳಿಗಾಲದಲ್ಲಿ ಬೆಳಗಿನ ಜಾವ ಬಲೆ ಎತ್ತುವವರು ಹೀಗೇ ಮಾಡ್ತಾರ, ಅವರ ಮೊಣಕಾಲಿಗೆ ಕೇಳಿದರೆ ಗೊತ್ತಾಗುತ್ತದೆ. ಥರ್ಮೊಕೋಲಿನ ಮಾತು ಬೇರೆ. ಮಹಾರಾಷ್ಟ್ರದ ಎಷ್ಟೋ ಹಿನ್ನೀರಿನಲ್ಲಿ ಮೀನುಗಾರರ ದೋಣಿ ಅದೇ. ಜಾಯಕವಾಡಿ ಹಿನ್ನೀರಿನ ಭಿವ ಧಾನೋರಾ ಎಂಬ ಹಳ್ಳಿಯ ಮಕ್ಕಳು ಥರ್ಮೊಕೋಲ್ ಹಲಗೆಯ ಮೇಲೆ ಕೂತು ಶಾಲೆಗೆ ಹೋಗುತ್ತಿದ್ದ ಸುದ್ದಿ 2023ರಲ್ಲಿ ಬಂದಿತ್ತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ವ್ಯಾಪಾರಸ್ಥರಿಗೆ ಇದು ತಕ್ಕಡಿಯಷ್ಟೇ ಸರಳ. ತೇಲುವ ವಸ್ತು ಎಷ್ಟು ಲೀಟರ್ ನೀರನ್ನು ಸರಿಸುತ್ತದೋ ಅಷ್ಟು ಕಿಲೋ ಹೊರುತ್ತದೆ. ತನ್ನ ತೂಕವೂ ಅದರಲ್ಲೇ ಬಂತು. ಒಂದು ಘನ ಅಡಿ ಅಂದರೆ ಸುಮಾರು 28 ಲೀಟರ್. 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಅರ್ಧ ಅಡಿ ದಪ್ಪದ ಥರ್ಮೊಕೋಲ್ ಹಲಗೆ ಅಂದರೆ 10 ಘನ ಅಡಿ, 280 ಲೀಟರ್. ಹುಡುಗನ ತೂಕ 72 ಕಿಲೋ, ಬಲೆ, ಮೇವು, ಬಕೆಟ್ಟು ಸೇರಿ 25, ಹಲಗೆಯದೇ ತೂಕ 10 ಹಿಡಿಯಿರಿ. ಒಟ್ಟು 107. ಹಲಗೆ ಬರೇ 107 ಲೀಟರಿನದಾದರೆ ಮೇಲ್ಮೈ ನೀರಿಗೆ ಸಮ ಆಗಿಬಿಡುತ್ತದೆ, ನಿಂತವನು ತಡವರಿಸುತ್ತಾನೆ. ಹೊಸಬನಿಗೆ ಹೊರೆಯ ಎರಡು ಪಟ್ಟು ಲೀಟರ್ ಇರಬೇಕು. ಅಂದರೆ ನಮ್ಮ ಹುಡುಗನಿಗೆ 215ಕ್ಕೆ ಕಡಿಮೆ ಇಲ್ಲದ ಹಲಗೆ. ಅಂಗಡಿಯವನು ಬಣ್ಣ ತೋರಿಸುತ್ತಾನೆ, ನೀವು ಲೀಟರ್ ಕೇಳಿ. ಅದನ್ನು ಹಲಗೆಯ ಮೇಲೋ ಡಬ್ಬಿಯ ಮೇಲೋ ಬರೆದಿರುತ್ತಾರೆ. ಬರೆದಿರದಿದ್ದರೆ ಆ ಮಾಲು ಬಿಡಿ.

ಲೆಕ್ಕದಲ್ಲಿ ಥರ್ಮೊಕೋಲ್ ಪಾಸಾಯಿತಲ್ಲ ಅಂತ ಕೇಳಬಹುದು. ತೇಲುವ ಮಟ್ಟಿಗೆ ಪಾಸು. ಇನ್ನೊಂದು ಸೋಜಿಗ ಹೇಳ್ತೀನಿ: ಪರದೇಶದ ಗಟ್ಟಿ ಹಲಗೆಯ ಹೊಟ್ಟೆಯಲ್ಲಿ ಇರುವುದೂ ಹೆಚ್ಚಾಗಿ ಥರ್ಮೊಕೋಲ್ ಜಾತಿಯದೇ. ಅದರ ಮೇಲೆ ಗಾಜಿನ ನಾರು, ಎಪಾಕ್ಸಿ ಅಂಟು ಬಳಿದು ತೊಗಲು ಕೊಟ್ಟಿರುತ್ತಾರೆ. ದುಡ್ಡು ಕೊಡುವುದು ಆ ತೊಗಲಿಗೆ. ಬರೇ ಥರ್ಮೊಕೋಲ್ ಆದರೆ ಬಿಸಿಲಿಗೆ ಪುಡಿಯಾಗುತ್ತದೆ, ಇಲಿ ಕಡಿಯುತ್ತದೆ, ಕಾಳಿನ ಸಂದಿಯಲ್ಲಿ ನೀರು ಕೂಡುತ್ತದೆ. ಪೆಟ್ರೋಲ್ ಬಿದ್ದರೆ ಕರಗಿಯೇ ಹೋಗುತ್ತದೆ. ಪಂಪಿನ ಎಂಜಿನ್ ಪಕ್ಕದಲ್ಲಿ ಇಡುವವರು ಇದನ್ನು ನೆನಪಿಡಬೇಕು. ಉದುರಿದ ಬಿಳಿ ಕಾಳು ಮೀನಿನ ಹೊಟ್ಟೆ ಸೇರುವುದು ಬೇರೆ. ಬಡವ ಅದನ್ನೇ ಕಟ್ಟಿಕೊಂಡರೆ ಬೈಯುವವನು ನಾನಲ್ಲ. ಗೋಣಿ ತಾಟು ಸುತ್ತಿ, ಅಡಿಗೆ ಬಿದಿರಿನ ಚೌಕಟ್ಟು ಕೊಟ್ಟು, ಮೊಳೆಯ ಬದಲು ಹಗ್ಗದಿಂದ ಬಿಗಿದರೆ ಒಂದೆರಡು ವರ್ಷ ಬಂದೀತು.

ಗಟ್ಟಿ ಹಲಗೆ, ಗಾಳಿ ತುಂಬುವ ಹಲಗೆ ಇವೆರಡರಲ್ಲಿ ನಮ್ಮ ಕಡೆಗೆ ಗಾಳಿಯದೇ ಸರಿ ಎಂದು ನನ್ನ ಮತ. ಗಟ್ಟಿಯದು ಹತ್ತೂವರೆ ಅಡಿ ಉದ್ದ. ಮೋಟಾರ್ ಸೈಕಲ್ ಮೇಲೆ ಹೇರಲು ಬರುವುದಿಲ್ಲ, ಕಲ್ಲಿಗೆ ತಾಗಿದರೆ ಬಿರುಕು ಬಿಡುತ್ತದೆ. ಗಾಳಿಯದು ಸುತ್ತಿ ಚೀಲದಲ್ಲಿ ಹಾಕಿದರೆ ಹತ್ತಿ ಚೀಲದ ಹಾಗೆ ಬೆನ್ನಿಗೆ ಬರುತ್ತದೆ, ತೂಕ 8ರಿಂದ 11 ಕಿಲೋ. ಇದು ಜಾತ್ರೆಯ ಬಲೂನು ಅಲ್ಲ. ಒಳಗೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಸಾವಿರಾರು ನೂಲು ಹೊಲಿದಿರುತ್ತಾರೆ, ಹಾಗಾಗಿ ಗಾಳಿ ತುಂಬಿದಾಗ ಉಬ್ಬದೆ ಹಲಗೆಯಂತೆ ಬಿಗಿಯಾಗುತ್ತದೆ. ಗಾಳಿ 12ರಿಂದ 15 ಪಿಎಸ್‌ಐ ಬೇಕು. ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹೊಲದಲ್ಲಿ ಹಿಡಿಯುವ ಗಾಳಿಯ ಆಸುಪಾಸು. ದಪ್ಪ 6 ಇಂಚು ಇರಲಿ. 4 ಇಂಚಿನದು ಅಗ್ಗ, ಆದರೆ ದೊಡ್ಡಾಳು ನಿಂತರೆ ನಡುವೆ ಬಾಗುತ್ತದೆ, ಹಳೆಯ ಹೊರಸಿನ ಹಾಗೆ.

ಈ ಹಲಗೆಗೆ ನಮ್ಮ ಬೇಸಗೆಯೇ ವೈರಿ. ಗಾಳಿ ತುಂಬಿದ್ದನ್ನು ಏಪ್ರಿಲ್, ಮೇ ಬಿಸಿಲಲ್ಲಿ ಹೊಂಡದ ದಂಡೆಯ ಮೇಲೆ ಬಿಟ್ಟು ಊಟಕ್ಕೆ ಹೋದರೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡುತ್ತದೆ. ನೀರಿನಿಂದ ತೆಗೆದ ಕೂಡಲೇ ಸ್ವಲ್ಪ ಗಾಳಿ ಬಿಡಿ, ಬೇವಿನ ನೆರಳಿಗೆ ಎಳೆಯಿರಿ. ಪಂಕ್ಚರ್ ಆದರೆ ಸೈಕಲ್ ಟ್ಯೂಬಿನ ಸೊಲ್ಯೂಷನ್ ಹಚ್ಚಬೇಡಿ, ಅದು ರಬ್ಬರಿಗೆ. ಇದು ಪಿವಿಸಿ, ಇದರ ಅಂಟೇ ಬೇರೆ. ಡಬ್ಬಿಯಲ್ಲಿ ಕೊಟ್ಟಿರುತ್ತಾರೆ, ಕಳೆದುಕೊಳ್ಳಬಾರದು.

ಉದ್ದದ ಮಾತು ನೀರಿನ ಮೇಲೆ ನಿಂತಿದೆ. ನಮ್ಮ ಶೇತತಳೆ ದೊಡ್ಡದು ಅಂದರೂ ಹೆಚ್ಚಾಗಿ 30 ಮೀಟರ್ ಉದ್ದ, 30 ಮೀಟರ್ ಅಗಲ. ಅದರಲ್ಲಿ 12 ಅಡಿಯ ಹಲಗೆ ಅಂದರೆ ಅಂಗಳದಲ್ಲಿ ಲಾರಿ ತಿರುಗಿಸಿದ ಹಾಗೆ. 10 ಅಡಿ ಸಾಕು. ಮಾಕಣಿ, ಕಾರಂಜಾದಂಥ ದೊಡ್ಡ ನೀರಿಗೆ, ದಿನಾ ದೂರ ಹೋಗುವವರಿಗೆ 11, 12 ಅಡಿಯದು ನೆಟ್ಟಗೆ ಸಾಗುತ್ತದೆ, ದಣಿವು ಕಡಿಮೆ. ಹಲಗೆಯ ಅಡಿಗೆ ರೆಕ್ಕೆಯಂಥದ್ದು ಇರುತ್ತದೆ, ಅದು ದಾರಿ ಹಿಡಿಸುವುದಕ್ಕೆ. ಉದ್ದ ರೆಕ್ಕೆ ಜಲಕುಂಭಿ, ಪಾಚಿಗೆ ಸಿಕ್ಕುತ್ತದೆ. ಕಳಚಿ ಗಿಡ್ಡದು ಹಾಕಲು ಬರುವಂಥದ್ದನ್ನೇ ಕೊಳ್ಳಿ. ಹೊಂಡದಲ್ಲಿ ಇನ್ನೊಂದು ಕಾರಣಕ್ಕೂ ಗಿಡ್ಡದೇ ಬೇಕು: ನೀರು ಇಳಿದಾಗ ಚೂಪು ರೆಕ್ಕೆ ಹೊಂಡದ ಪ್ಲಾಸ್ಟಿಕ್ ಹಾಳೆ ಸೀಳಿದರೆ ಹಲಗೆಯ ಬೆಲೆಗಿಂತ ಹಾಳೆಯ ಬೆಲೆ ಹೆಚ್ಚಾದೀತು.

ಹಾಳೆಯ ಮಾತು ಬಂತು, ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹಾಳೆಯೇ ಜೀವ ತೆಗೆಯುವುದು. ಇಳಿಜಾರಿನ ಪ್ಲಾಸ್ಟಿಕ್ ಮೇಲೆ ಪಾಚಿ ಕೂತರೆ ಈಜು ಬಲ್ಲವನೂ ಮೇಲೆ ಹತ್ತಲಾರ. ಕೈ ಜಾರುತ್ತದೆ, ಕಾಲು ಜಾರುತ್ತದೆ, ಒಬ್ಬನನ್ನು ಎಳೆಯಲು ಹೋದ ಇನ್ನೊಬ್ಬನೂ ಹೋಗುತ್ತಾನೆ. ಮರಾಠಿ ಪೇಪರಿನಲ್ಲಿ ಇಂಥ ಸುದ್ದಿ ಇಲ್ಲದ ಬೇಸಗೆ ಇಲ್ಲ. ಹಲಗೆ ಕೊಳ್ಳುವ ಮೊದಲು ಹೊಂಡದ ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿ, ಹಳೆಯ ಟಯರ್ ಕಟ್ಟಿ ಮೆಟ್ಟಿಲು ಮಾಡಿ, ಸುತ್ತ ಬೇಲಿ ಹಾಕಿ. ಇದಕ್ಕೆ ಆಗುವ ಖರ್ಚು ಹಲಗೆಯ ಖರ್ಚಿನಲ್ಲಿ ಸಣ್ಣ ಪಾಲು. ತಂಗಿಯ ಮಗನಿಗೆ ನಾನು ಹಾಕಿದ ಕರಾರು ಇದೇ: ಹಗ್ಗ ಮೊದಲು, ಹಲಗೆ ಆಮೇಲೆ.

ಲೈಫ್ ಜಾಕೆಟ್ ಬೇಡ, ನನಗೆ ಈಜು ಬರುತ್ತದೆ ಅನ್ನುವವರು ಇದ್ದಾರೆ. ಹಲಗೆಯ ಅಂಚಿಗೆ ತಲೆ ಬಡಿದು ಬಿದ್ದರೆ ಈಜು ನೆನಪಿರುವುದಿಲ್ಲ. 50 ನ್ಯೂಟನ್ ಅಂತ ಬರೆದಿರುವ ಜಾಕೆಟ್ ಸುಮಾರು 5 ಕಿಲೋ ಎತ್ತುತ್ತದೆ, ಅದು ಈಜು ಬಲ್ಲವರಿಗೆ. ಬಾರದವರಿಗೆ 100ರದ್ದು. ಹಲಗೆಗೂ ಕಾಲಿಗೂ ಕಟ್ಟುವ ಹಗ್ಗವನ್ನು ನಿಂತ ನೀರಿನಲ್ಲಿ ಬಿಡಲೇಬಾರದು, ಏಕೆಂದರೆ ಗಾಳಿ ಬಂದರೆ ಖಾಲಿ ಹಲಗೆ ನಿಮಗಿಂತ ಜೋರಾಗಿ ಓಡುತ್ತದೆ. ಹರಿಯುವ ಹೊಳೆಯಲ್ಲಿ ಮಾತ್ರ ಅದೇ ಹಗ್ಗ ಜಾಲಿ ಗಿಡಕ್ಕೋ ಬಾಂದಾರಿನ ಕಬ್ಬಿಣಕ್ಕೋ ಸಿಕ್ಕಿ ಮುಳುಗಿಸುತ್ತದೆ. ಅಲ್ಲಿ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚುವ ಪಟ್ಟಿ ಬೇಕು.

ಪ್ರವಾಹಕ್ಕೆ ಉಪಯೋಗ ಆಗ್ತದೇನ್ರೀ ಅಂತ ಉದಗೀರದ ಅಡತಿಯೊಬ್ಬರು ಕೇಳಿದರು. ಇಲ್ಲ. 2025ರ ಆಗಸ್ಟ್‌ನಲ್ಲಿ ನೆರೆಯ ಮುಖೇಡ ತಾಲೂಕಿನಲ್ಲಿ ಲೇಂಡಿಯ ನೀರು ಹಸನಾಳ, ರಾವಣಗಾಂವಕ್ಕೆ ನುಗ್ಗಿ ಜನ ಸತ್ತರು. ವಿಪತ್ತು ದಳದವರು ಬಂದರು, ಸೈನ್ಯ ಬಂತು. ಅಂಥ ಕೆಂಪು ನೀರಿನಲ್ಲಿ ತೇಲಿ ಬರುವ ಮರ, ಕಾಣದ ತಂತಿ, ಸುಳಿ. ಅದಕ್ಕೆ ಎಂಜಿನ್ ಇರುವ ದೋಣಿ, ಕಲಿತ ಕೈ ಬೇಕು. ಹಲಗೆ ಇದೆ ಎಂಬ ಧೈರ್ಯದಿಂದ ಸೇತುವೆ ಮುಳುಗಿದ ದಿನ ಹುಡುಗ ಹೊಳೆಗಿಳಿದರೆ, ಅದನ್ನು ಕೊಡಿಸಿದವರು ನಾವೇ ಆಗಿರುತ್ತೇವೆ. ಕೊಡಿಸುವಾಗಲೇ ಇದನ್ನು ಹೇಳಿ ಕೊಡಿಸಬೇಕು.

ಗಾಳಿಯ ಬಗ್ಗೆಯೂ ಹುಷಾರು. ನಿಂತ ಮನುಷ್ಯ ಹಡಗಿನ ಪಟ ಇದ್ದ ಹಾಗೆ. ದೊಡ್ಡ ಹಿನ್ನೀರಿನಲ್ಲಿ ಮಧ್ಯಾಹ್ನದ ಗಾಳಿ ಎದ್ದರೆ ಮೊಣಕಾಲೂರಿ ಕೂತು ಹುಟ್ಟು ಹಾಕಿ. ಹೋಗುವಾಗ ಗಾಳಿಗೆ ಎದುರು ಹೋಗಿ, ಬರುವಾಗ ಅದೇ ತಂದು ಬಿಡುತ್ತದೆ. ಮೇ ತಿಂಗಳ ಸಂಜೆ ಮೋಡ ಕಟ್ಟಿ ಗುಡುಗು ಕೇಳಿದರೆ ದಂಡೆ ಹಿಡಿಯಿರಿ, ನೀರಿನ ಮೇಲೆ ಎತ್ತರ ನಿಂತವನು ನೀವೊಬ್ಬರೇ.

ಹುಟ್ಟಿನ ಉದ್ದ ನಿಮ್ಮ ಎತ್ತರಕ್ಕಿಂತ 6ರಿಂದ 10 ಇಂಚು ಹೆಚ್ಚು. ಅದರ ಅಲಗು ಮುಂದಕ್ಕೆ ಬಾಗಿರುತ್ತದೆ, ಹಿಂದಕ್ಕಲ್ಲ. ನೂರಕ್ಕೆ ತೊಂಬತ್ತು ಮಂದಿ ಮೊದಲ ದಿನ ಸಲಿಕೆಯ ಹಾಗೆ ತಿರುಗಾ ಹಿಡಿಯುತ್ತಾರೆ. ಡಬ್ಬಿಯಲ್ಲಿ ಬಂದದ್ದು ಮುರಿದರೆ ಊರ ಬಡಿಗ್ಯಾನ ಕಡೆ ಹಗುರ ಮರದ್ದು ಮಾಡಿಸಬಹುದು, ಅಂಚನ್ನು ಮಾತ್ರ ಉರುಟಾಗಿ ಉಜ್ಜಿಸಿ. ಕೊಳ್ಳುವ ದಿನ ಅಂಗಡಿಯಲ್ಲೇ ಪೂರ್ತಿ ಗಾಳಿ ತುಂಬಿಸಿ, ಪಂಪಿನ ಮುಳ್ಳು ಏರುವುದನ್ನು ಕಣ್ಣಾರೆ ನೋಡಿ, ಅಂಚಿನುದ್ದಕ್ಕೂ ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೋ ಪರೀಕ್ಷಿಸಿ. ಆನ್‌ಲೈನಿನಲ್ಲಿ ತರಿಸಿದರೆ ವಾಪಸು ಕೊಡುವ ಗಡುವಿನ ಒಳಗೇ ಇದನ್ನೆಲ್ಲಾ ಮುಗಿಸಿ. ರಾತ್ರಿ ಗಾಳಿ ತುಂಬಿ ಪಡಸಾಲೆಯಲ್ಲಿ ಇಟ್ಟದ್ದು ಬೆಳಗ್ಗೆಯೂ ಅಷ್ಟೇ ಬಿಗಿ ಇದ್ದರೆ ಆಮೇಲೆ ನೀರಿಗಿಳಿಸಬಹುದು.